ಎಡಚಕ್ರದ ಹಿತ್ತಾಳೆ

"ಅದನ್ನು ಹೊರಗೆ ಹಾಕಿ! ಈಗಲೇ!"

"ಹಾಕುವುದಿಲ್ಲ."

"ನನ್ನ ತಮ್ಮನನ್ನು ಕೊಂದ ಗಾಡಿ ಅದು. ನಾನು ಬಟ್ಟೆ ಒಣಗಿಸುವ ಅಂಗಳಕ್ಕೆ ತಂದು ನಿಲ್ಲಿಸಿದ್ದೀರಲ್ಲ, ನಿಮಗೆ ಮನುಷ್ಯರ ಕರುಳು ಉಂಟಾ?"

"ಗಾಡಿ ಕೊಂದದ್ದಲ್ಲ ಸೆಲೀನ್. ಯಾರು ಕೊಂದದ್ದೆಂದು ನೋಡಲಿಕ್ಕೇ ತಂದದ್ದು."

"ನೋಡಲಿಕ್ಕೆ ಎಂತ ಉಂಟು? ಕೋರ್ಟೇ ಹೇಳಿ ಆಗಿದೆ. ಒಳಗೆ ಗೋಡೆಯಲ್ಲಿ ಕನ್ನಡಿ ಉಂಟು. ಹೋಗಿ ನೋಡಿ, ಕಾಣುತ್ತದೆ."

ಕೈಯಲ್ಲಿದ್ದ ಸ್ಪ್ಯಾನರನ್ನು ಬೀಸಿ ಎಸೆದೆ. ಅದು ಮಾಡಿಗೆ ಬಡಿದು ಒಂದು ಹಂಚು ಒಡೆಯಿತು. ಸೆಲೀನ್ ಕದಲಲಿಲ್ಲ. ಒಡೆದ ಹಂಚನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಒದ್ದೆ ಬಟ್ಟೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಬಾಗಿಲಿಗೆ ಚಿಲಕ ಬಿತ್ತು.

ನಾಲ್ಕು ವರ್ಷಗಳಲ್ಲಿ ಅವಳು ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು.

ನಡೆದದ್ದನ್ನು ಹೇಳಿಬಿಡುತ್ತೇನೆ. ನಾನು ಮ್ಯಾಕ್ಸಿಮ್. ಕಾಪುವಿನಲ್ಲಿ, ದೊಡ್ಡ ರಸ್ತೆಯ ಪಕ್ಕದಲ್ಲಿ ನನ್ನ ವರ್ಕ್‌ಶಾಪು. ಊರಿನ ಶಾಲೆಯಲ್ಲಿ ಐದನೆಯ ಕ್ಲಾಸು, ಆಮೇಲೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ವರ್ಕ್‌ಶಾಪಿನಲ್ಲಿ ಮೂರು ವರ್ಷ. ಜೀಪು ಎಂದರೆ ನನಗೆ ಅಂಗೈ ಇದ್ದ ಹಾಗೆ. ನನ್ನ ಹೆಂಡತಿ ಸೆಲೀನಳ ತಮ್ಮ ಡೊಮಿನಿಕ್ ಕಾರ್ಕಳದಲ್ಲಿ ಕಲ್ಲಿನ ಕೋರೆಯ ತಾರಾನಾಥರ ಜೀಪು ಓಡಿಸುತ್ತಿದ್ದ. ಯುದ್ಧ ಮುಗಿದ ಮೇಲೆ ಸರಕಾರ ಹರಾಜು ಹಾಕಿದ ಜೀಪು ಅದು. ೧೯೫೯ರ ಜನವರಿಯಲ್ಲಿ ಅದರ ಮುಂದಿನ ಎಡಚಕ್ರದ ಬ್ರೇಕಿಗೆ ನಾನು ಹೊಸ ಲೈನಿಂಗು ಹಾಕಿ ಕೊಟ್ಟೆ. ಎರಡನೆಯ ದಿನ ಬೆಳ್ಮಣ್ಣಿನ ಇಳಿಜಾರಿನಲ್ಲಿ ಅದೇ ಚಕ್ರ ಕಳಚಿತು. ಜೀಪು ರಸ್ತೆ ಬದಿಯ ಗೋಡೆಯಂಥ ಮುರಕಲ್ಲಿನ ದರೆಗೆ ಉಜ್ಜಿಕೊಂಡು ಹೋಗಿ ಮಗುಚಿತು. ಡೊಮಿನಿಕ್ ಅಲ್ಲೇ ಸತ್ತ. ಇಪ್ಪತ್ತಾರು ವರ್ಷ.

ನಟ್ಟು ಸರಿಯಾಗಿ ಬಿಗಿಯಲಿಲ್ಲ ಎಂದು ನನ್ನ ಮೇಲೆ ಕೇಸಾಯಿತು. ಮೂರು ತಿಂಗಳು ಮಂಗಳೂರಿನ ಜೈಲು. ಹಿಂದೆ ಬರುವಾಗ ವರ್ಕ್‌ಶಾಪಿನ ಮುಂದೆ ಹುಲ್ಲು ಬೆಳೆದಿತ್ತು. ಆಮೇಲೆ ಯಾರೂ ನನ್ನ ಕೈಗೆ ಗಾಡಿ ಕೊಡಲಿಲ್ಲ. ಸೈಕಲ್ಲು, ಹೊಲಿಗೆ ಮಿಷನ್ನು, ನೀರಿನ ಪಂಪು, ಇಷ್ಟೇ. ಸೆಲೀನ್ ಮನೆ ಬಿಟ್ಟು ಹೋಗಲಿಲ್ಲ. ಅವಳ ತಾಯಿ ಬೆನೆಡಿಕ್ಟಾ ಹಾಸಿಗೆ ಹಿಡಿದಿದ್ದಳು, ನಮ್ಮಲ್ಲೇ ಇದ್ದಳು. ತಾಯಿ ತೀರಿಕೊಂಡ ಮೇಲೂ ಉಳಿದಳು. ತಟ್ಟೆ ಇಡುತ್ತಿದ್ದಳು, ಗಂಜಿ ಬಡಿಸುತ್ತಿದ್ದಳು, ಅಡುಗೆ ಕೋಣೆಗೆ ಹೋಗಿ ಒಬ್ಬಳೇ ಉಣ್ಣುತ್ತಿದ್ದಳು. ನಾನೂ ಒಬ್ಬನೇ ಉಣ್ಣುತ್ತಿದ್ದೆ. ನಡುವೆ ಒಂದೇ ಗೋಡೆ. ಅವಳು ಅನ್ನ ಜಗಿಯುವುದು ಕೂಡ ನನಗೆ ಕೇಳಿಸುತ್ತಿತ್ತು.

ನನಗೆ ಬೇಕಾದದ್ದು ಒಂದೇ. ನಾನು ಅವಳ ತಮ್ಮನನ್ನು ಕೊಲ್ಲಲಿಲ್ಲ ಎಂದು ಅವಳಿಗೆ ತೋರಿಸಬೇಕು. ಮಾತಿನಲ್ಲಿ ಅಲ್ಲ, ಕಬ್ಬಿಣದಲ್ಲಿ.

ಜೀಪು ಹೆಜಮಾಡಿಯ ಮೀನಿನ ವ್ಯಾಪಾರಿ ಧರ್ಮಪಾಲನ ಕೈಗೆ ಹೋಗಿತ್ತು. ಕಡಲ ತೀರದಿಂದ ಮೀನು ಹೊತ್ತು ಹೊತ್ತು ಅದು ತುಕ್ಕು ಹಿಡಿದಿತ್ತು. ಗುಜರಿಗೆ ಹಾಕುತ್ತಾನೆಂದು ಕೇಳಿ, ಎತ್ತಿನ ಗಾಡಿಗೆ ಕಟ್ಟಿ ಎಳೆಸಿ ತಂದೆ.

* * *

ಕೆಟ್ಟ ಕೆಲಸ ನೋಡಿದರೆ ನನಗೆ ಮೈ ಉರಿಯುತ್ತದೆ. ಆ ಜೀಪು ಬಿಚ್ಚುತ್ತಾ ಮೂರು ದಿನ ಉರಿಯಿತು.

ತಳಕ್ಕೆ ಸೀಮೆಎಣ್ಣೆ ಡಬ್ಬಿಯ ತಗಡು ಹೊಡೆದಿದ್ದರು. ಚಾಸಿಯ ಬಿರುಕಿಗೆ ತೆಂಗಿನ ಹಗ್ಗ ಸುತ್ತಿ ಡಾಮರು ಬಳಿದಿದ್ದರು. ಪೆಟ್ರೋಲ್ ಪೈಪಿಗೆ ಬಲೆಯ ನೂಲು. ರೇಡಿಯೇಟರಿನ ತೂತಿಗೆ ಬಟ್ಟೆ ಒಗೆಯುವ ಸಾಬೂನು. ಸೀಟಿನ ಅಡಿಯಲ್ಲಿ ಬಂಗುಡೆಯ ಮುಳ್ಳು, ಸೇರುಗಟ್ಟಲೆ.

ನಾಲ್ಕನೆಯ ದಿನ ಮುಂದಿನ ಎಡಚಕ್ರ ಬಿಚ್ಚಿದೆ.

ಇಲ್ಲಿ ಒಂದು ಮಾತು ತಿಳಿದಿರಬೇಕು. ಯುದ್ಧದ ಜೀಪಿನ ಎಡಬದಿಯ ಚಕ್ರಗಳ ನಟ್ಟು ಲೋಕಕ್ಕೆ ವಿರುದ್ಧ. ಬಲಕ್ಕೆ ತಿರುಗಿಸಿದರೆ ಸಡಿಲ, ಎಡಕ್ಕೆ ತಿರುಗಿಸಿದರೆ ಬಿಗಿ. ಗಾಡಿ ಓಡುವಾಗ ಅಲುಗಿ ಸಡಿಲವಾಗಬಾರದೆಂದು ಹಾಗೆ ಮಾಡಿದ್ದು. ನಾನು ಬಲಕ್ಕೆ ತಿರುಗಿಸಿದೆ. ಮೂರು ನಟ್ಟು ಬಂತು. ಎರಡು ಬರಲಿಲ್ಲ. ಎಡಕ್ಕೆ ತಿರುಗಿಸಿದೆ. ಆ ಎರಡೂ ಬಂತು.

ಅಂದರೆ ಮೂರು ಬೋಲ್ಟು ಕಂಪೆನಿಯದ್ದು. ಎರಡು ಸಾದಾ ಬೋಲ್ಟು, ಯಾರೋ ಆಮೇಲೆ ಹಾಕಿದ್ದು.

ಚಕ್ರ ಎಳೆದೆ. ಮೂರು ಬೋಲ್ಟಿನ ಬುಡದಲ್ಲಿ ಚಪ್ಪಲಿಯ ಅಟ್ಟೆ ಕತ್ತರಿಸಿ ಮಾಡಿದ ವಾಷರು. ಸಾದಾ ಬೋಲ್ಟುಗಳ ಬುಡದಲ್ಲಿ ವಾಷರಿಲ್ಲ. ಅಲ್ಲಿ ಕಪ್ಪು ಬಣ್ಣ ಬಳಿದ ಎರಡು ಉಂಡೆ, ಗೋಲಿಯಷ್ಟು ದಪ್ಪ. ಚಾಕುವಿನಿಂದ ಕೆರೆದೆ.

ಹಳದಿ. ಹಿತ್ತಾಳೆ.

ಬೋಲ್ಟು ತಿರುಗದ ಹಾಗೆ ಬುಡಕ್ಕೆ ಹಿತ್ತಾಳೆ ಕರಗಿಸಿ ಬೆಸೆದಿದ್ದರು. ಚಕ್ರ ಒಳಗಿನ ಕಬ್ಬಿಣದ ಬ್ರೇಕ್ ಡ್ರಮ್ಮಿಗೆ ಸಮನಾಗಿ ಅಂಟಿ ಕೂರಬೇಕು. ಇಲ್ಲಿ ಅದು ಎರಡು ಉಂಡೆಗಳ ಮೇಲೆ ಕೂರುತ್ತಿತ್ತು. ಎಷ್ಟು ಬಿಗಿದರೂ ಒಂದು ಮೈಲಿಗೆ ಅಲುಗುತ್ತದೆ, ಐದು ಮೈಲಿಗೆ ಸಡಿಲ, ಹತ್ತು ಮೈಲಿಗೆ ಚಕ್ರ ಹೊರಗೆ.

ನಾನು ಅಂಗಳದಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟೆ. ಬ್ರೇಕು ಮಾಡಿದ ದಿನ ಐದು ನಟ್ಟೂ ಎಡಕ್ಕೇ ಬಿಗಿದಿದ್ದೆ. ಈ ಹಿತ್ತಾಳೆ ಇರಲಿಲ್ಲ. ಯಾರಿಗಾದರೂ ಹೇಳಬೇಕೆನಿಸಿತು. ಬಾಗಿಲು ಚಿಲಕ ಹಾಕಿಯೇ ಇತ್ತು.

* * *

"ಎಂತ ಪೊರ್ಬುಗಳೇ, ಗಾಡಿ ವಾಪಸ್ಸು ತಂದಿರಾ?" ಧರ್ಮಪಾಲ ಹೆಜಮಾಡಿಯ ತೀರದಲ್ಲಿ ಬಲೆ ಒಣಗಲು ಹರಡುತ್ತಿದ್ದ. ನಮ್ಮ ಕಡೆ ಕ್ರಿಸ್ತರನ್ನು ಕರೆಯುವುದು ಹಾಗೆ, ಪೊರ್ಬುಗಳು ಎಂದು.

"ಚಕ್ರದೊಳಗೆ ಚಪ್ಪಲಿ ಹಾಕಿದ್ದು ನೀನಾ?"

"ಹೌದು. ಹೆಂಡತಿಯದ್ದು. ಅದಕ್ಕೆ ಅವಳು ಬೈದದ್ದು ಇನ್ನೂ ನಿಲ್ಲಲಿಲ್ಲ."

"ನಗಬೇಡ! ಹಿತ್ತಾಳೆ ಬೆಸೆದದ್ದೂ ನೀನಾ?"

"ಎಂತ ಹಿತ್ತಾಳೆ? ನಾನು ತಕ್ಕೊಳ್ಳುವಾಗಲೇ ಆ ಚಕ್ರ ಮದುಮಗಳ ಹಾಗೆ ತಲೆ ಆಡಿಸುತ್ತಿತ್ತು ಮಾರಾಯ್ರೆ. ಎರಡು ಕಡೆ ಉಬ್ಬಿತ್ತು. ಉಳಿದ ಮೂರು ಕಡೆ ಚಪ್ಪಲಿ ಇಟ್ಟು ಸಮ ಮಾಡಿದೆ. ದಿನಾ ಬೆಳಿಗ್ಗೆ ನಟ್ಟು ಬಿಗಿದು ಹೊರಡುತ್ತಿದ್ದೆ. ಮೂರು ವರ್ಷ ಓಡಿತಲ್ಲ!"

"ಮತ್ತೆ ಕಪ್ಪು ಬಣ್ಣ?"

"ಪೊರ್ಬುಗಳೇ, ನನ್ನ ದೋಣಿಗೇ ಬಣ್ಣ ಇಲ್ಲ. ಚಕ್ರದ ಒಳಗೆ ಯಾವ ದೇವರು ಕೂತಿದ್ದಾನೆಂದು ಬಣ್ಣ ಹೊಡೆಯಲಿ?"

ನನಗೆ ಸಿಟ್ಟು ಬಂದಿತ್ತು. ಆದರೆ ಅವನ ದೋಣಿಯನ್ನು ನೋಡಿದೆ. ಅವನು ಹೇಳಿದ್ದು ನಿಜ.

ಮನೆಗೆ ಬಂದು ಡ್ರಮ್ಮನ್ನು ಬಿಸಿಲಿಗೆ ಹಿಡಿದೆ. ಅದರ ಮುಖದ ಮೇಲೆ ಓರೆಯಾಗಿ ಒಂದು ಆಳವಾದ ಗೀರು, ದರೆಗೆ ಉಜ್ಜಿದ್ದು. ಗೀರು ಕಬ್ಬಿಣದ ಮೇಲೆ ಹೊರಟು ಒಂದು ಹಿತ್ತಾಳೆ ಉಂಡೆಯನ್ನು ಸೀಳಿಕೊಂಡು ಆಚೆಗೆ ಹೋಗಿತ್ತು. ಹಾಗಾದರೆ ಹಿತ್ತಾಳೆ ಅಪಘಾತಕ್ಕಿಂತ ಮೊದಲೇ ಅಲ್ಲಿತ್ತು. ಗೀರಿನ ತಳವನ್ನು ಸೂಜಿಯಿಂದ ಕೆದಕಿದೆ. ಅದರೊಳಗೂ ಕಪ್ಪು ಬಣ್ಣ. ಹಾಗಾದರೆ ಬಣ್ಣ ಅಪಘಾತ ಆದ ಮೇಲಿನದ್ದು.

ಮೊದಲು ಹಿತ್ತಾಳೆ, ಆಮೇಲೆ ಗೀರು, ಆಮೇಲೆ ಬಣ್ಣ. ಯಾರೋ ತಪ್ಪು ಮಾಡಿದ್ದಾರೆ. ಡೊಮಿನಿಕ್ ಸತ್ತ ಮೇಲೆ ಅದನ್ನು ಮುಚ್ಚಿದ್ದಾರೆ.

* * *

ತಾರಾನಾಥರೇ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಮರುದಿನ ಬೆಳಗಿನ ಬಸ್ಸಿಗೆ ಕಾರ್ಕಳಕ್ಕೆ ಹೋದೆ. ಅವರು ಕೋರೆಯ ಬದಿಯಲ್ಲಿ ಕೊಡೆ ಹಿಡಿದು ನಿಂತಿದ್ದರು. ಕೂಲಿಯಾಳುಗಳ ಎದುರಿಗೇ ಕೂಗಿದೆ.

"ಹಿತ್ತಾಳೆ ಬೆಸೆದ ಚಕ್ರದಲ್ಲಿ ಡೊಮಿನಿಕನನ್ನು ಕಳಿಸಿದಿರಿ! ಆಮೇಲೆ ಬಣ್ಣ ಹೊಡೆಸಿದಿರಿ!"

"ಬಾಯಿ ಸಣ್ಣ ಮಾಡು." ಅವರು ಕೊಡೆ ಮಡಿಸಿದರು. "ಜೀಪು ಬಿದ್ದ ಜಾಗದಿಂದ ಠಾಣೆಗೆ ಹೋಯಿತು. ಠಾಣೆಯಿಂದ ನೇರ ಹೆಜಮಾಡಿಯವನಿಗೆ ಹೋಯಿತು. ನಾನು ಅದರ ಮುಖ ನೋಡಿದ್ದು ಡೊಮಿನಿಕ್ ಹೊರಟ ಬೆಳಿಗ್ಗೆಯೇ ಕೊನೆ."

"ಆ ದಿನ ಅವನು ಯಾವಾಗ ಹೊರಟ?"

"ಬೇಗ ಹೊರಟವನು ಮತ್ತೆ ಹೇಳಿ ಕಳಿಸಿದ, ಪೇಟೆಯಲ್ಲಿ ಪಂಕ್ಚರ್ ಆಗಿದೆ, ಹಾಕಿಸಿಕೊಂಡು ಕಾಪುವಿಗೆ ಹೋಗುತ್ತೇನೆ ಎಂದು. ನಿನ್ನ ಮನೆಗೇ ಬರುವವನಿದ್ದ, ತಾಯಿಯನ್ನು ನೋಡಲಿಕ್ಕೆ. ಗೊತ್ತಿಲ್ಲವಾ?"

ಗೊತ್ತಿರಲಿಲ್ಲ.

"ಪಂಕ್ಚರ್ ಹಾಕಿಸಿದ್ದು ಯಾರ ಹತ್ತಿರ?"

"ಅದು ನನಗೆ ತಿಳಿಯದು. ಕೋರ್ಟಿನಲ್ಲಿಯೂ ಯಾರೂ ಕೇಳಲಿಲ್ಲ. ಇನ್ನು ಹೋಗು. ಇನ್ನೊಮ್ಮೆ ಇಲ್ಲಿ ಬೊಬ್ಬೆ ಹಾಕಿದರೆ ಆಳುಗಳು ಸುಮ್ಮನೆ ಇರುವುದಿಲ್ಲ."

ಪಂಕ್ಚರ್. ಅದಕ್ಕೆ ಚಕ್ರ ಬಿಚ್ಚಬೇಕು. ಬಿಚ್ಚಿದವನಿಗೆ ಎಡದ ನಟ್ಟಿನ ವಿಷಯ ಗೊತ್ತಿರಲಿಲ್ಲ. ಎಲ್ಲ ನಟ್ಟುಗಳ ಹಾಗೆ ಎಡಕ್ಕೆ ತಿರುಗಿಸಿದ. ಬರಲಿಲ್ಲ. ಸ್ಪ್ಯಾನರಿಗೆ ಉದ್ದದ ಪೈಪು ಸಿಕ್ಕಿಸಿ ಇನ್ನೂ ಎಡಕ್ಕೆ ಜಗ್ಗಿದ. ಬೋಲ್ಟು ಪಟ್ಟನೆ ಮುರಿಯಿತು. ಇನ್ನೊಂದು. ಅದೂ ಮುರಿಯಿತು. ನಮ್ಮ ಕಡೆಯ ಮೆಕ್ಯಾನಿಕ್ಕುಗಳು ಹಾಗೇ. ಬಾರದಿದ್ದರೆ ಇನ್ನಷ್ಟು ಉದ್ದದ ಪೈಪು ತರುತ್ತಾರೆ, ಯಾಕೆ ಬಾರದು ಎಂದು ಕೇಳುವುದಿಲ್ಲ.

* * *

ಇನ್ನಂಜೆಯಲ್ಲಿ ಅಂಗಾರಣ್ಣನ ಮನೆ. ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಿಯಾದವರು. ಆಗ ಈ ಕೇಸಿನ ಬರವಣಿಗೆಯೆಲ್ಲ ಅವರದೇ. ಗದ್ದೆಯ ಹುಣಿಯ ಮೇಲೆ ಕೂತು ನಾನು ಹೇಳಿದ್ದನ್ನೆಲ್ಲ ಕೇಳಿದರು. ಡ್ರಮ್ಮನ್ನು ತೊಡೆಯ ಮೇಲಿಟ್ಟು ಗೀರಿನ ಮೇಲೆ ಬೆರಳು ಎಳೆದರು.

"ಠಾಣೆಯ ಅಂಗಳದಲ್ಲಿ ಇದನ್ನು ಮುಟ್ಟಿದ್ದು ಯಾರು ಅಂಗಾರಣ್ಣ?"

"ಮೋಟಾರು ಇನ್‌ಸ್ಪೆಕ್ಟರು ಮಂಗಳೂರಿನಿಂದ ಬರಲಿಕ್ಕೆ ಎರಡು ದಿನ ಆಯಿತು. ಅದಕ್ಕೆ ಮೊದಲು ಊರಿನ ಒಬ್ಬ ತಿಳಿದವನಿಂದ ತೊಳೆಸಿ ತೋರಿಸಿದ್ದು."

"ಯಾರು?"

"ರೊಸಾರಿಯೊ."

ಗದ್ದೆಯಲ್ಲಿ ಕೊಕ್ಕರೆಗಳಿದ್ದವು. ನಾನು ಅವುಗಳನ್ನೇ ನೋಡಿದೆ.

ರೊಸಾರಿಯೊನ ಶಾಪು ಕಾರ್ಕಳ ಪೇಟೆಯಲ್ಲಿ. ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಹಾಕುವವನು ಆಗ ಅವನೊಬ್ಬನೇ. ಇಗರ್ಜಿಯ ಮೇಣದಬತ್ತಿಯ ಕಂಬ, ಬಸ್ಸಿನ ಹಾರ್ನು, ಎಲ್ಲಕ್ಕೂ ಅವನ ಹಿತ್ತಾಳೆ. ಡೊಮಿನಿಕನ ಶವಪೆಟ್ಟಿಗೆಗೆ ಹಿಡಿ ಮಾಡಿಕೊಟ್ಟದ್ದೂ ಅವನೇ. ಹೆಣ ಎತ್ತುವಾಗ ಮುಂದಿನ ಹಿಡಿಗೆ ಅವನೇ ಕೈ ಕೊಟ್ಟಿದ್ದ. ಅಳುತ್ತಿದ್ದ. ನನ್ನನ್ನು ಇಗರ್ಜಿಯ ಒಳಗೆ ಬಿಡಲಿಲ್ಲ. ನಾನು ಗೇಟಿನ ಹೊರಗಿನಿಂದ ನೋಡಿದ್ದೆ.

"ಅವನು ಎಂತ ಬರೆಸಿದ?"

"ಐದು ಬೋಲ್ಟೂ ಕಂಪೆನಿಯದ್ದೇ, ಸರಿ ಉಂಟು, ನಟ್ಟು ಬಿಗಿಯದೆ ಬಿಟ್ಟದ್ದು ಎಂದು." ಅಂಗಾರಣ್ಣ ಡ್ರಮ್ಮನ್ನು ನೆಲಕ್ಕಿಟ್ಟರು. "ಹೊಸ ಸಬ್ ಇನ್‌ಸ್ಪೆಕ್ಟರು ಒಳ್ಳೆಯವರು. ಹೇಳಿದರೆ ಹಳೆಯ ಫೈಲು ತೆರೆಯುತ್ತಾರೆ. ಆದರೆ ಮ್ಯಾಕ್ಸಿಮ್, ಅದರಲ್ಲಿ ನಿನ್ನದೂ ಒಂದು ಹೇಳಿಕೆ ಉಂಟು. ನಾನೇ ಬರೆದದ್ದು. ನೆನಪುಂಟಾ?"

ಇತ್ತು. ಠಾಣೆಯಲ್ಲಿ ಪೊಲೀಸ್ ಇನ್‌ಸ್ಪೆಕ್ಟರು ನನ್ನ ಕಾಲರು ಹಿಡಿದಾಗ ನಾನು ಕಿರುಚಿದ್ದೆ: ನನ್ನ ಕೆಲಸ ಸರಿ ಇತ್ತು, ಅವನು ಕುಡಿದು ಓಡಿಸಿದ್ದಾನೆ, ಯಾವಾಗಲೂ ಕುಡಿಯುತ್ತಾನೆ. ಡೊಮಿನಿಕ್ ಜನ್ಮದಲ್ಲಿ ಕುಡಿದವನಲ್ಲ. ಸಿಟ್ಟಿನಲ್ಲಿ, ಹೆದರಿಕೆಯಲ್ಲಿ ಬಾಯಿಗೆ ಬಂದದ್ದು. ಆ ಮಾತು ಠಾಣೆಯಿಂದ ಪೇಟೆಗೆ ಹೋಯಿತು, ಪೇಟೆಯಿಂದ ಊರಿಗೆ ಬಂತು. ತಾರಾನಾಥರ ಕಡೆಯವರು ಹಬ್ಬಿಸಿದ್ದೆಂದು ಸೆಲೀನ್ ನಂಬಿದ್ದಳು. ನಾನು ತಿದ್ದಿರಲಿಲ್ಲ.

"ಫೈಲು ತೆರೆದರೆ ಎರಡೂ ಹೊರಗೆ ಬರುತ್ತದೆ. ಆಲೋಚನೆ ಮಾಡು," ಎಂದರು ಅಂಗಾರಣ್ಣ.

ಮಾಡಿದೆ. ನನಗೆ ನನ್ನ ಹೆಸರು ಬೇಕಿತ್ತು.

"ತೆರೆಸಿ," ಎಂದೆ.

* * *

ಆದಿತ್ಯವಾರ ಪೂಜೆ ಮುಗಿದ ಮೇಲೆ ರೊಸಾರಿಯೊ ಬಂದ. ಹಿತ್ತಾಳೆಯ ಕೆಲಸ ಉಂಟು ಎಂದು ಹೇಳಿ ಕಳಿಸಿದ್ದೆ. ಬಿಳಿ ಅಂಗಿ, ಕೈಯಲ್ಲಿ ಸೆಲೀನಳಿಗೆ ಮಟ್ಟುಗುಳ್ಳ ಬದನೆಯ ಚೀಲ. ಅಂಗಾರಣ್ಣ ಜಗಲಿಯಲ್ಲಿ ಬೀಡಿ ಸೇದುತ್ತಿದ್ದರು. ಅವರ ಪಕ್ಕದಲ್ಲಿ ಸಬ್ ಇನ್‌ಸ್ಪೆಕ್ಟರು, ಮಾಮೂಲು ಬಟ್ಟೆಯಲ್ಲಿ. ಅಂಗಾರಣ್ಣನ ಸಂಬಂಧಿಕರೆಂದು ಹೇಳಿದೆ.

ಜೀಪು ನೋಡಿ ರೊಸಾರಿಯೊ ನಿಂತ.

"ಇದು... ಅದೇನಾ?"

"ಅದೇ. ಸರಿ ಮಾಡುತ್ತಿದ್ದೇನೆ. ಹಿಂದಿನ ಎಡಚಕ್ರ ಒಂದು ಬಿಚ್ಚಿ ಕೊಡು ಮಾರಾಯ. ನನಗೆ ಸೊಂಟ ಹಿಡಿದಿದೆ."

"ನನಗೆ ಈ ಯುದ್ಧದ ಗಾಡಿ ಅಭ್ಯಾಸ ಇಲ್ಲ. ಆ ದಿನ ತೊಳೆದದ್ದು ಬಿಟ್ಟರೆ ಮುಟ್ಟಿದವನೇ ಅಲ್ಲ."

"ನಟ್ಟು ನಟ್ಟೇ ಅಲ್ವಾ?"

ಅವನು ಅಂಗಿಯ ತೋಳು ಮಡಚಿ ಕೂತ. ಸ್ಪ್ಯಾನರು ಹಾಕಿದ. ಹಿಡಿಯನ್ನು ಬಲಕ್ಕೆ ಒತ್ತಿದ. ಒಂದೇ ಒತ್ತಿಗೆ ನಟ್ಟು ಸಡಿಲವಾಯಿತು.

"ನಿಲ್ಲು," ಎಂದೆ.

"ಎಂತ?"

"ಲೋಕದಲ್ಲಿ ಎಲ್ಲರೂ ನಟ್ಟು ಬಿಚ್ಚಲಿಕ್ಕೆ ಎಡಕ್ಕೆ ತಿರುಗಿಸುತ್ತಾರೆ. ನೀನು ಬಲಕ್ಕೆ ತಿರುಗಿಸಿದೆ. ಈ ಗಾಡಿ ಮುಟ್ಟದವನಿಗೆ ಇದನ್ನು ಹೇಳಿಕೊಟ್ಟದ್ದು ಯಾರು? ಈ ಸುತ್ತಿನಲ್ಲಿ ಇನ್ನೊಂದು ಯುದ್ಧದ ಜೀಪು ಇಲ್ಲ."

"ಯಾರೋ... ಯಾವಾಗಲೋ ಹೇಳಿದ್ದು."

"ಎರಡು ಬೋಲ್ಟು ಮುರಿದು ಕಲಿತೆ ನೀನು."

ಡ್ರಮ್ಮನ್ನು ಅವನ ಮುಂದೆ ಎಸೆದೆ. ಮೊಣಕಾಲಿನ ಹತ್ತಿರ ಬಿತ್ತು. ಸೆಲೀನ್ ಬಾಗಿಲಿಗೆ ಬಂದದ್ದು ಕಂಡಿತು. ಅವಳಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದೆ.

"ಡೊಮಿನಿಕ್ ಪಂಕ್ಚರ್ ಹಾಕಿಸಲಿಕ್ಕೆ ನಿನ್ನ ಹತ್ತಿರ ಬಂದ. ನೀನು ಬೋಲ್ಟು ಮುರಿದೆ. ತಿಳಿಯದು ಎಂದು ಹೇಳಲಿಕ್ಕೆ ನಾಲಿಗೆ ಏಳಲಿಲ್ಲ. ಸಾದಾ ಬೋಲ್ಟು ತುರುಕಿ ಹಿತ್ತಾಳೆ ಬೆಸೆದು ಕಳಿಸಿದೆ. ಚಕ್ರ ನಿನ್ನ ಹಿತ್ತಾಳೆಯ ಮೇಲೆ ಕೂತಿತ್ತು. ಬೆಳ್ಮಣ್ಣಿನವರೆಗೆ ತಡೆಯಿತು. ದರೆಗೆ ಉಜ್ಜಿದ ಗೀರು ನೋಡು, ಹಿತ್ತಾಳೆಯನ್ನೂ ಸೀಳಿದೆ. ಆದ್ದರಿಂದ ಬೆಸುಗೆ ಮೊದಲಿನದ್ದು. ಗೀರಿನ ಒಳಗೆ ಬಣ್ಣ ಉಂಟು. ಆದ್ದರಿಂದ ಬಣ್ಣ ಆಮೇಲಿನದ್ದು. ಆಮೇಲೆ ಠಾಣೆಯಲ್ಲಿ ಇದನ್ನು ಮುಟ್ಟಿದ್ದು ನೀನೊಬ್ಬನೇ. ಮಂಗಳೂರಿನವರು ಬರುವುದರೊಳಗೆ ಕಪ್ಪು ಬಳಿದೆ."

ಸಬ್ ಇನ್‌ಸ್ಪೆಕ್ಟರು ಎದ್ದು ನಿಂತರು. ಕಂಕುಳಿನಿಂದ ಫೈಲು ತೆಗೆದು ಓದಿದರು. "'ನಾನೇ ತೊಳೆದು ನೋಡಿದೆ. ಐದು ಬೋಲ್ಟುಗಳೂ ಕಂಪೆನಿಯವೇ.' ಇದು ನಿಮ್ಮ ಸಹಿಯಲ್ಲವೇ?"

ತೊಳೆದವನ ಕಣ್ಣಿಗೆ ಹಳದಿ ಹಿತ್ತಾಳೆ ಬೀಳದೆ ಇರುವುದಿಲ್ಲ. ರೊಸಾರಿಯೊಗೂ ಅದು ಗೊತ್ತಿತ್ತು. ಅವನು ನೆಲದಲ್ಲೇ ಕೂತ. ಬಿಳಿ ಅಂಗಿಗೆ ಗ್ರೀಸು ಹತ್ತಿತು.

"ಸೋಮವಾರ ಬಾ, ಸರಿಯಾಗಿ ಮಾಡಿ ಕೊಡುತ್ತೇನೆ ಎಂದು ಅವನಿಗೆ ಹೇಳಿದ್ದೆ," ಎಂದ. "ನಿಧಾನ ಹೋಗು ಎಂದೂ ಹೇಳಿದ್ದೆ. ತಾಯಿ ಕಾಯುತ್ತಾಳೆ ಎಂದು ಹೋದ."

ಸೆಲೀನ್ ಬಾಗಿಲಿನ ಚೌಕಟ್ಟು ಹಿಡಿದಿದ್ದಳು. ನಾಲ್ಕು ವರ್ಷಗಳ ಮೇಲೆ ನನ್ನ ಮುಖವನ್ನು ನೇರವಾಗಿ ನೋಡಿದಳು. ನನ್ನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಹೌದು, ಇಟ್ಟಳು.

ರೊಸಾರಿಯೊ ತಲೆ ಎತ್ತಿದ.

"ನಾನು ಒಂದು ಸುಳ್ಳು ಬರೆಸಿದೆ ಸಾಯ್ಬರೇ. ಇವನು ಬರೆಸಿದ್ದು ಆ ದಿನ ಠಾಣೆಯಲ್ಲಿ ನನಗೂ ಕೇಳಿಸಿತ್ತು. ಮುಂದಿನ ಪುಟವನ್ನೂ ಓದಿ. ಅವಳಿಗೂ ಕೇಳಲಿ."

"ಬೇಡ," ಎಂದರು ಅಂಗಾರಣ್ಣ.

"ಎಂತ ಅದು?" ಸೆಲೀನ್ ಕೇಳಿದಳು. "ಓದಿ."

ಸಬ್ ಇನ್‌ಸ್ಪೆಕ್ಟರು ಚಿಕ್ಕ ವಯಸ್ಸಿನವರು. ಘಟ್ಟದ ಮೇಲಿನವರು, ನಮ್ಮ ಮನೆಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಓದಿಬಿಟ್ಟರು. ಕುಡಿದು ಓಡಿಸಿದ್ದಾನೆ, ಯಾವಾಗಲೂ ಕುಡಿಯುತ್ತಾನೆ. ಕೆಳಗೆ ನನ್ನ ಹೆಸರು.

* * *

ರೊಸಾರಿಯೊನನ್ನು ಕರೆದುಕೊಂಡು ಹೋದರು. ಅಂಗಾರಣ್ಣನೂ ಅವರ ಹಿಂದೆ ಹೋದರು. ಮಟ್ಟುಗುಳ್ಳದ ಚೀಲ ಜಗಲಿಯ ಮೇಲೆ ಉಳಿಯಿತು.

ಸೆಲೀನ್ ಒಳಗೆ ಹೋದಳು. ಈ ಸಲ ಚಿಲಕ ಹಾಕಲಿಲ್ಲ. ಅವಳು ಪೆಟ್ಟಿಗೆ ಎಳೆದ ಸದ್ದು ಕೇಳಿಸಿತು. ನಾನು ಹೊಸ್ತಿಲಲ್ಲಿ ನಿಂತೆ.

"ಸಿಟ್ಟಿನಲ್ಲಿ ಹೇಳಿದ್ದು ಸೆಲೀನ್. ನನ್ನ ಬಾಯಿ ನಿನಗೆ ಗೊತ್ತುಂಟಲ್ಲ."

ಅವಳು ಸೀರೆ ಮಡಚುತ್ತಿದ್ದಳು.

"ನಾನು ಕೊಲ್ಲಲಿಲ್ಲ. ಅಷ್ಟಾದರೂ ಈಗ ಗೊತ್ತಾಯಿತಲ್ಲ?"

"ಗೊತ್ತಾಯಿತು."

"ಮತ್ತೆ?"

"ಅಮ್ಮ ಸಾಯುವಾಗ ಕೇಳಿದಳು, ನನ್ನ ಮಗ ಕುಡಿಯುತ್ತಿದ್ದನಾ ಎಂದು. ನಾನು ಇಲ್ಲ ಎಂದೆ. ಅವಳು ನಂಬಲಿಲ್ಲ. ಊರೆಲ್ಲ ಹೇಳುತ್ತದಲ್ಲ ಎಂದಳು. ನೀವು ಪಕ್ಕದಲ್ಲೇ ನಿಂತಿದ್ದಿರಿ, ನೀರಿನ ಲೋಟ ಹಿಡಿದುಕೊಂಡು."

"ಸಿಟ್ಟಿನಲ್ಲಿ..."

"ಸಿಟ್ಟು ಒಂದು ಗಳಿಗೆ. ಅಮ್ಮ ಅದಾಗಿ ಎರಡು ವರ್ಷ ಬದುಕಿದ್ದಳು."

ನಾನು ಹೊಸ್ತಿಲಿನಿಂದ ಬದಿಗೆ ಸರಿದೆ.

ಅವಳು ಪೆಟ್ಟಿಗೆ ಎತ್ತಿಕೊಂಡು ಅಂಗಳ ದಾಟಿದಳು. ಭಾರವಾಗಿತ್ತು, ಒಂದು ಬದಿಗೆ ವಾಲಿ ನಡೆಯುತ್ತಿದ್ದಳು. ಹಿಡಿದುಕೊಳ್ಳಲು ಕೈ ಚಾಚಿದೆ. ಪೆಟ್ಟಿಗೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ರಸ್ತೆಯ ಆಚೆ ಬದಿಯಲ್ಲಿ ನಿಂತಳು. ಉಡುಪಿಯ ಬಸ್ಸು ಬಂದು ನಡುವೆ ನಿಂತಿತು. ಅದು ಹೊರಟ ಮೇಲೆ ಆಚೆ ಬದಿಯಲ್ಲಿ ಯಾರೂ ಇರಲಿಲ್ಲ.

ಕೋರ್ಟು ಆಮೇಲೆ ನನ್ನ ಹೆಸರು ಬಿಡಿಸಿತು. ಗಾಡಿಗಳು ಮತ್ತೆ ಬರತೊಡಗಿದವು. ಸೆಲೀನ್ ಮಣಿಪಾಲದ ಆಸ್ಪತ್ರೆಯಲ್ಲಿ ಬಟ್ಟೆ ಹೊಲಿಯುವ ಕೆಲಸಕ್ಕೆ ಸೇರಿದ್ದಾಳೆಂದು ಯಾರೋ ಹೇಳಿದರು. ಹತ್ತೇ ಮೈಲಿ ಚಿಲ್ಲರೆ. ಹೋದರೆ ಸಿಗುತ್ತಿದ್ದಳು. ಒಂದು ಸಲ ಬಸ್ಸಿನಲ್ಲಿ ಆಸ್ಪತ್ರೆಯ ಗೇಟಿನವರೆಗೆ ಹೋಗಿ, ಇಳಿಯದೆ, ಅದೇ ಬಸ್ಸಿನಲ್ಲಿ ಹಿಂದೆ ಬಂದೆ.

ಅವಳು ಬರಲಿಲ್ಲ.